ಸ್ಪಿರಿದೋನ್ ಸಾಹೇಬರ ಮೂಗು

ಮಾಲ್ಡೋವಾದ ಗಡಿಯಲ್ಲಿ, ಪ್ರುತ್ ನದಿಯ ಸೇತುವೆ ಪಕ್ಕದ ಸುಂಕದ ಕಟ್ಟೆಯಲ್ಲಿ ಕೂರುವ ಸ್ಪಿರಿದೋನ್ ಸಾಹೇಬರ ಮೂಗು ಸಾಮಾನ್ಯದ್ದಲ್ಲ. ಆಚೆ ದಡದಲ್ಲಿ ಯಾರಾದರೂ ಚೀಸಿನ ಡಬ್ಬಿ ತೆರೆದರೆ, ಅದು ಕುರಿಯದೋ ಹಸುವಿನದೋ ಎಂದು ಈಚೆ ದಡದಿಂದಲೇ ಹೇಳಿಬಿಡುತ್ತಿತ್ತು. "ಚೀಲ ಬಿಚ್ಚಿ" ಎಂಬುದೇ ಅವರ ನಮಸ್ಕಾರ. ತಮ್ಮನ ಮದುವೆಯಲ್ಲಿ ಉಡುಗೊರೆ ತಂದವರಿಗೂ ಹಾಗೇ ಅಂದವರು. ಆದರೆ ದೇಶವು ಯುರೋಪಿನ ಒಕ್ಕೂಟದ ಮಾರುಕಟ್ಟೆಗೆ ಮೆಲ್ಲಮೆಲ್ಲಗೆ ಸೇರತೊಡಗಿದಂತೆ ಒಂದು ವರ್ಷ ವೈನು, ಮರುವರ್ಷ ಪ್ಲಮ್ಮು, ಆಮೇಲೆ ಅಕ್ರೋಟು ಅವರ ಕೈತಪ್ಪಿ, ತಪಾಸಣೆಗೆ ಉಳಿದದ್ದು ಚೀಸ್ ಒಂದೇ. ಶನಿವಾರದ ಬಸ್ಸಿನಲ್ಲಿ ಆಚೆ ದಡದ ಅಕ್ಕನ ಮನೆಯಿಂದ ಮರಳುವ ವಿಧವೆ ಪರಸ್ಕೀವಾಳ ಪುಟ್ಟ ಚೀಲವನ್ನು ಶೋಧಿಸಲು ಮಾತ್ರ ಅವರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. "ಸಾಹೇಬ್ರೆ, ಚೀಸ್ ಹುಡುಕ್ತಿದೀರೋ, ಹೆಣ್ಣು ನೋಡ್ತಿದೀರೋ?" ಎಂದು ಡ್ರೈವರ್ ರೇಗಿಸುತ್ತಿದ್ದ. ಆಕೆಯನ್ನು ಮಾತನಾಡಿಸಲು ಅವರಿಗೆ ಬೇರೆ ನೆಪವೇ ಗೊತ್ತಿರಲಿಲ್ಲ. ಹೋದ ತಿಂಗಳು ಚೀಸಿನ ತಪಾಸಣೆಯೂ ರದ್ದಾಯಿತು. ಆ ಶನಿವಾರ ಸಾಹೇಬರು ಗೇಟು ಎತ್ತಿ, ಬಸ್ಸಿಗೆ ಬೆನ್ನು ಹಾಕಿ ನಿಂತರು. ಬಸ್ಸು ಸ್ವಲ್ಪ ದೂರ ಹೋಗಿ ನಿಂತಿತು. ಪರಸ್ಕೀವಾ ಇಳಿದು ಬಂದು, ಮೇಜಿನ ಮೇಲೆ ತಾನೇ ಚೀಲ ಬಿಚ್ಚಿಟ್ಟಳು. "ಸರ್ಕಾರ ಬಿಟ್ರೆ ನೀವೂ ಬಿಟ್ಬಿಡೋದಾ? ನಾನೇ ಸುಟ್ಟಿರೋ ಪ್ಲಚಿಂತಾ ರೊಟ್ಟಿ. ಒಳಗೇನು ತುಂಬಿದೀನಿ, ಮೂಸಿ ಹೇಳಿ ನೋಡೋಣ." ಸಾಹೇಬರು ಬಗ್ಗಿ ಮೂಸಿದರು, ಮತ್ತೊಮ್ಮೆ ಮೂಸಿದರು. ಎರಡು ದಡಕ್ಕೂ ಸಾಕಾಗುತ್ತಿದ್ದ ಆ ಮೂಗು ಕಣ್ಣೀರಿಗೆ ಕಟ್ಟಿಹೋಗಿತ್ತು. ಎಲೆಕೋಸೋ ಚೀಸೋ, ಅವರಿಗೆ ತಿಳಿಯಲೇ ಇಲ್ಲ.