ಹೀಟರ್ ವೈರಿಗೆ ಸುತ್ತಿದ ರೇಷ್ಮೆ

ಹೋದ ಭಾನುವಾರ ಬೆಳಿಗ್ಗೆ ಕನಕಪುರದ ನಮ್ಮ ಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಒಳಗಿನ ಕೋಣೆಯಿಂದ ಕೂದಲು ಸುಟ್ಟ ವಾಸನೆ ಬಂತು. ಬಂದದ್ದೇ ತಡ, ಕನ್ನಡಕ ಒಂದು ಕಡೆ, ಪೇಪರ್ ಒಂದು ಕಡೆ, ಓಡಿಹೋಗಿ ಗೋಡೆಯ ಪ್ಲಗ್ ಕಿತ್ತೆಸೆದೆ. ಮಗಳು ಕೂದಲು ನೇರ ಮಾಡಿಕೊಳ್ಳುವ ಯಂತ್ರ ಹಿಡಿದು ಕನ್ನಡಿ ಮುಂದೆ ನಿಂತಿದ್ದಳು. ನಾಲ್ಕು ಕೂದಲು ಸೀದಿದ್ದಕ್ಕೆ ಊರಿಗೇ ಬೆಂಕಿ ಬಿದ್ದ ಹಾಗೆ ಆಡ್ತೀರಲ್ಲಪ್ಪ ಎಂದು ನಕ್ಕಳು. ನಾನೂ ನಗಲು ನೋಡಿದೆ. ಆಗಲಿಲ್ಲ.

ರೇಷ್ಮೆ ಸುಟ್ಟರೂ ಥೇಟ್ ಇದೇ ವಾಸನೆ. ಅದು ನಿಮಗೆ ಗೊತ್ತಿರಬೇಕೆಂದೇನಿಲ್ಲ. ನಮ್ಮದು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಮನೆ, ನಮಗೆ ಗೊತ್ತು. ಹಿತ್ತಲಿನ ಶೆಡ್ಡಿನಲ್ಲಿ ಬಿಸಿನೀರಿನ ಬಾಣಲೆಗಳು, ಅದರಲ್ಲಿ ತೇಲುವ ಗೂಡುಗಳು, ಮೂಗಿಗೆ ಒಗ್ಗಿಹೋದ ಒಂದು ನಾತ. ಅಣ್ಣನ ಹೆಂಡತಿ ಮಾಗಡಿ ಕಡೆಯ ತಿಪ್ಪಸಂದ್ರದವರು, ಹೊಲಗದ್ದೆಯ ಮನೆಯಿಂದ ಬಂದವರು. ಆದರೂ ಆರೇ ತಿಂಗಳಲ್ಲಿ, ಕುದಿಯುವ ನೀರಿನಲ್ಲಿ ಬೆರಳಾಡಿಸಿ ಗೂಡಿನ ಎಳೆ ಹಿಡಿಯುವುದರಲ್ಲಿ ಅತ್ತಿಗೆಯನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇರಲಿಲ್ಲ. ನೀರಿನ ಹದವನ್ನು ಬೆರಳಿನಿಂದಲೇ ನೋಡುವುದು ಈ ಕಸುಬಿನವರ ರೂಢಿ. ಸ್ನಾನದ ನೀರಾದರೂ ಅಷ್ಟೆ, ಮೊದಲು ಬೆರಳು ಅದ್ದಬೇಕು.

ನಾನಾಗ ಪಿ.ಯು.ಸಿ. ಓದುತ್ತಿದ್ದೆ. ಸೈನ್ಸ್ ತೆಗೆದುಕೊಂಡಿದ್ದೇನೆಂಬ ಒಂದೇ ಕಾರಣಕ್ಕೆ ಮನೆಯ ಕರೆಂಟಿನ ಕೆಲಸವೆಲ್ಲ ನನ್ನ ಪಾಲಿಗೆ ಬಂದಿತ್ತು. ಪ್ಲಗ್ ಇಲ್ಲದ ವೈರಿನ ಎರಡು ತುದಿಗಳನ್ನು ಸಾಕೆಟ್ಟಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸಿ ಬಿಗಿ ಮಾಡುತ್ತಿದ್ದೆ. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟಿದ್ದೆ. ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರಲ್ಲ, ನನ್ನನ್ನು ನೋಡಿಯೇ ಅಂದಿರಬೇಕು. ಒಂದು ದಿನ ಮೇಷ್ಟ್ರು ಗಾಜಿನ ಕಡ್ಡಿಯನ್ನು ರೇಷ್ಮೆ ಬಟ್ಟೆಗೆ ಉಜ್ಜಿ ತೋರಿಸಿ, ರೇಷ್ಮೆಯಲ್ಲಿ ಕರೆಂಟು ಹರಿಯುವುದಿಲ್ಲ ಎಂದರು. ಒಣಗಿದ್ದರೆ ಮಾತ್ರ ಎಂದೂ ಹೇಳಿರಬೇಕು. ಅಷ್ಟು ಹೊತ್ತಿಗೆ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಅದೇ ವಾರ ಬಚ್ಚಲುಮನೆಯ ಹೀಟರ್ ವೈರನ್ನು ಇಲಿ ಕಡಿದು, ಒಳಗಿನ ತಾಮ್ರ ಕಾಣುತ್ತಿತ್ತು. ಅಂಗಡಿಗೆ ಹೋಗಿ ಹೊಸ ವೈರ್ ತರುವುದು ಯಾರಿಗಾದರೂ ಹೊಳೆಯುವ ಉಪಾಯ. ನಾನು ಸೈನ್ಸಿನವನು. ಶೆಡ್ಡಿನಿಂದ ಒಂದು ಹಿಡಿ ರೇಷ್ಮೆ ನೂಲು ತಂದು, ಗಾಯಕ್ಕೆ ಬ್ಯಾಂಡೇಜ್ ಸುತ್ತಿದ ಹಾಗೆ ಹತ್ತು ಸುತ್ತು ಸುತ್ತಿದೆ. ಅತ್ತಿಗೆ ಪಕ್ಕದಲ್ಲೇ ನಿಂತು ನೋಡಿ ಮೆಚ್ಚಿಕೊಂಡರು. ಆ ಮೆಚ್ಚುಗೆಗೆ ನಾನು ಇಡೀ ದಿನ ಬೀಗಿದ್ದೆ.

ಮಾರನೆಯ ಬೆಳಿಗ್ಗೆ ಅಣ್ಣ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದ. ಅತ್ತಿಗೆ ಸ್ಟೀಲ್ ಬಕೆಟ್ಟಿಗೆ ಹೀಟರ್ ಇಳಿಬಿಟ್ಟು ಸ್ವಿಚ್ ಹಾಕಿದ್ದರು. ನಾನು ಹಲ್ಲುಜ್ಜುತ್ತಾ ಬಾಗಿಲ ಹತ್ತಿರ ಹೋದಾಗ ಅವರು ಬಕೆಟ್ಟಿನ ಅಂಚು ಹಿಡಿದು ಬಗ್ಗಿದ್ದರು. ಕಣ್ಣು ಅಗಲವಾಗಿ ತೆರೆದಿತ್ತು, ಬಾಯಿ ತೆರೆದಿತ್ತು, ದನಿ ಇಲ್ಲ. ಮೈ ಮಾತ್ರ ಅದುರುತ್ತಿತ್ತು. ಹಬೆಗೆ ತೊಯ್ದ ನನ್ನ ರೇಷ್ಮೆ ಬಕೆಟ್ಟಿನ ಅಂಚಿಗೆ ತಾಗಿ ಹೊಗೆಯಾಡುತ್ತಿತ್ತು. ನಾನು ಏನು ಮಾಡಿದೆ ಗೊತ್ತೆ? ನಿಂತಿದ್ದೆ. ಬಾಯಲ್ಲಿ ಬ್ರಷ್ ಇಟ್ಟುಕೊಂಡು ಸುಮ್ಮನೆ ನಿಂತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹಿಂದಿನಿಂದ ಅವ್ವ ಓಡಿಬಂದು ಸೊಸೆಯನ್ನು ತಬ್ಬಿ ಎಳೆಯಲು ಕೈ ಚಾಚಿದಳು. ಪಕ್ಕದ ಮನೆಯ ಗಫೂರ್ ಸಾಬರು, ನಮ್ಮ ಹಾಗೇ ನೂಲು ತೆಗೆಯುವವರು, ಅಷ್ಟರಲ್ಲಿ ಹಿತ್ತಲ ಬಾಗಿಲಿಗೆ ಬಂದಿದ್ದರು.

“ಮುಟ್ಟಬ್ಯಾಡಿ ಅಮ್ಮಾ, ನೀವೂ ಹೋಗ್ಬುಡ್ತೀರಾ” ಎಂದವರೇ ಪಡಸಾಲೆಗೆ ನುಗ್ಗಿ ಫ್ಯೂಸ್ ಕಿತ್ತರು. ಅತ್ತಿಗೆ ಧೊಪ್ಪನೆ ಬಿದ್ದರು.

ಬದುಕಿದರು. ಆದರೆ ಬಲಗೈಯ ಎರಡು ಬೆರಳು ಸುಟ್ಟು, ಗಾಯ ಮಾಗಿದ ಮೇಲೂ ಜೋಮು ಹಿಡಿದಂತೆಯೇ ಉಳಿದವು. ಆ ಬೆರಳಿಗೆ ಗೂಡಿನ ಎಳೆ ಮತ್ತೆ ಸಿಕ್ಕಲಿಲ್ಲ. ಸ್ವಿಚ್ ಆರಿಸದೆ ನೀರಿಗೆ ಬೆರಳದ್ದಿದ್ದಕ್ಕೆ ಹೀಗಾಯಿತೆಂದು ಅವ್ವ ತೀರ್ಮಾನ ಮಾಡಿದಳು. ಎಲ್ಲರೂ ಒಪ್ಪಿದರು. ಅತ್ತಿಗೆ ಬೆರಳು ಅದ್ದಿದ್ದೂ ನಿಜವೇ. ಅವರನ್ನು ಆಟೋಗೆ ಹತ್ತಿಸುವ ಗಡಿಬಿಡಿಯಲ್ಲಿ ನಾನು ಆ ಕರಿದಾದ ರೇಷ್ಮೆಯನ್ನು ಬಿಚ್ಚಿ ಒಲೆಗೆ ಹಾಕಿದ್ದೆ. ಈ ಮಾತನ್ನು ಹೋದ ಭಾನುವಾರದವರೆಗೆ ಯಾರಿಗೂ ಹೇಳಿರಲಿಲ್ಲ.

ಭಾನುವಾರ ಮಗಳು ನಕ್ಕ ಮೇಲೆ ತಡೆಯಲಾಗಲಿಲ್ಲ. ಅತ್ತಿಗೆಗೆ ಫೋನ್ ಮಾಡಿದೆ. ಅವರಿಗೀಗ ಅರವತ್ತು ದಾಟಿದೆ, ರಾಮನಗರದ ಅದೇ ಮನೆಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಕೂದಲು ಸುಟ್ಟ ಕಥೆ ಹೇಳಿ, ಆ ದಿನ ನೆನಪಾಯಿತು ಎಂದೆ.

“ಅವತ್ತು ನೀನು ಸುತ್ತಿದ್ ರೇಷ್ಮೆನೇ ಕಣಪ್ಪಾ ನನ್ನ ಉಳಿಸಿದ್ದು” ಎಂದರು ಅತ್ತಿಗೆ. “ಅದಿಲ್ದಿದ್ರೆ ಕರೆಂಟು ಪೂರಾ ಹೊಡ್ದು ಹೋಗ್ಬುಡ್ತಿದ್ದೆ. ಅದ್ಕೇ ಒಂದು ಲಡಿ ನೂಲು ಎತ್ತಿಟ್ಕೊಂಡಿವ್ನಿ. ಯಾವ ವೈರು ಕಿತ್ತೋದ್ರೂ ನಾನೇ ಸುತ್ತೋದು. ನಿನ್ನೆ ಹೀಟ್ರುಗೂ ಒಸಿ ಸುತ್ತಿದೆ. ಈಗ ಮೊಮ್ಮಗಳು ಅದ್ರಲ್ಲೇ ನೀರು ಕಾಯಿಸ್ತಾವ್ಳೆ.”

ಏನೂ ಕೇಳಬೇಡಿ, ಮೊದಲು ಮೆಯಿನ್ ಆರಿಸಿ, ಮಗು ಬಕೆಟ್ ಮುಟ್ಟದಿರಲಿ ಎಂದು ಕಿರುಚಿದೆ. ಅತ್ತಿಗೆಯ ಮೇಲೆ ನಾನು ದನಿ ಏರಿಸಿದ್ದು ಅದೇ ಮೊದಲು. ಫೋನಿನಲ್ಲಿ ಹೆಜ್ಜೆ ಸದ್ದು, ಮೊಮ್ಮಗಳನ್ನು ಕೂಗಿದ ಸದ್ದು. ಆಮೇಲೆ ಅಷ್ಟು ಹೊತ್ತೂ ಕೇಳುತ್ತಿದ್ದ ಫ್ಯಾನಿನ ಗುಂಯ್ ನಿಂತಿತು. ಮಗು ಮುಟ್ಟಿರಲಿಲ್ಲ.

“ಆರ್ಸಿದೆ. ಈಗ ಹೇಳು” ಎಂದರು. ಹೇಳಿದೆ. ಒದ್ದೆಯಾದ ರೇಷ್ಮೆಯಿಂದಲೇ ಕರೆಂಟು ಬಕೆಟ್ಟಿಗೆ ಇಳಿದದ್ದನ್ನೂ, ಆಮೇಲೆ ಅದನ್ನು ಒಲೆಗೆ ಹಾಕಿದ್ದನ್ನೂ ಹೇಳಿದೆ.

“ನಿಮ್ಮವ್ವ ಸಾಯೋಗಂಟ ನನ್ನ ಕೈಲಿ ಒಂದು ಸ್ವಿಚ್ಚು ಮುಟ್ಟಿಸ್ನಿಲ್ಲ ಕಣಪ್ಪಾ. ಲೈಟ್ ಹಾಕಕ್ಕೂ ನಾನು ಯಾರ್ನಾರ ಕೂಗ್ಬೇಕಿತ್ತು. ನೀನೂ ಅದೇ ಮನೇಲಿದ್ದೆ” ಎಂದರು ಅತ್ತಿಗೆ.

ಮಧ್ಯಾಹ್ನ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ರಾಮನಗರಕ್ಕೆ ಹೋದೆ. ಹೀಟರು, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಒಂದೊಂದರ ವೈರಿನಲ್ಲೂ ನುಣ್ಣಗೆ ಸುತ್ತಿದ ರೇಷ್ಮೆ. ಅವನು ಎಲ್ಲವನ್ನೂ ಕಿತ್ತು ಹೊಸ ವೈರು, ಮೂರು ಪಿನ್ನಿನ ಪ್ಲಗ್ ಹಾಕಿ, ಅರ್ಥಿಂಗ್ ನೋಡಿ, ಶಾಕ್ ಹೊಡೆದರೆ ತಾನಾಗಿ ಆಫ್ ಆಗುವ ಸ್ವಿಚ್ಚನ್ನೂ ಕೂರಿಸಿದ. ನಾನು ಯಾವುದಕ್ಕೂ ಕೈ ಹಾಕಲಿಲ್ಲ. ಅತ್ತಿಗೆ ಕಾಫಿ ಕೊಟ್ಟು, ಅವನ ಕೆಲಸವನ್ನೇ ನೋಡುತ್ತಾ ನಿಂತರು.

ಕೆಲಸ ಮುಗಿದು ಮೆಯಿನ್ ಹಾಕಲು ನಾನು ಎದ್ದೆ.

“ಬುಡು, ನಾನೇ ಹಾಕ್ತೀನಿ” ಎಂದರು ಅತ್ತಿಗೆ. ಸೆರಗಿಗೆ ಎರಡೂ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಹೋಗಿ ಹಾಕಿದರು.