ಅಣ್ಣನಿಗೆ ನಾನು ಹೇಳದ ಕಾಯಿಲೆ

ವೈನಿ, ನಿಮ್ಮ ಗಂಡನಿಗೆ, ನನ್ನ ಅಣ್ಣನಿಗೆ, ಸಕ್ಕರೆ ಕಾಯಿಲೆ ಇದೆಯೆಂದು ನಿಮ್ಮ ಮದುವೆಗೆ ಹದಿನೆಂಟು ದಿನ ಮೊದಲೇ ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಇಷ್ಟು ಬರೆಯಲು ಹದಿನಾಲ್ಕು ವರ್ಷ ಬೇಕಾಯಿತು. ಅಣ್ಣ ಹೋಗಿಯೇ ಮೂರು ವರ್ಷ. ಅವನಿದ್ದಾಗಲೇ ಹೇಳಿದ್ದರೆ— ಇರಲಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆಗ ನಾನು ರಾಣೆಬೆನ್ನೂರಿನಲ್ಲಿ ಒಬ್ಬ ಡಾಕ್ಟರ ದವಾಖಾನೆಯ ಕಂಪೌಂಡರ್. ಔಷಧ ಕಲೆಸುವುದು, ಗಾಯ ತೊಳೆಯುವುದು, ಮೂತ್ರ ಪರೀಕ್ಷೆ ಎಲ್ಲ ನನ್ನದೇ. ಅಣ್ಣ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ತೂಗುತ್ತಿದ್ದ. ಗರಡಿಯಲ್ಲಿ ಬೆಳೆದ ಮೈ. ಜ್ವರ ಬಂದರೂ ಮಲಗಿದವನಲ್ಲ. ಅಂಥವನು ಒಂದು ಮಧ್ಯಾಹ್ನ ದವಾಖಾನೆಯ ಮೆಟ್ಟಿಲ ಮೇಲೆ ನಾಚಿಕೊಂಡು ನಿಂತಿದ್ದ.

“ತಮ್ಮಾ, ಭಾಳ ನೀರಡಿಕಿ ಆಗಾಕತ್ತೈತಿ. ಘಳಿಗಿಗೊಮ್ಮೆ ಒಂದಕ್ಕ ಹೋಗಬೇಕು. ಮೆಣಸಿನಕಾಯಿ ಉಷ್ಣ ಅಂತಾರ ಮಂದಿ. ಲಗ್ನ ಆಗಾವ ಅದೀನಿ, ಒಮ್ಮೆ ತೋರಿಸಿಬಿಡೂಣು ಅಂತ ಬಂದೆ.”

ಗಂಡಸರು ತಾವಾಗಿ ಬಂದು ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದ ಕಾಲವಲ್ಲ ಅದು. ಬಿದ್ದ ಮೇಲೆ ಹೊತ್ತು ತರುತ್ತಿದ್ದರು. ಅಣ್ಣ ಬೀಳುವ ಮೊದಲೇ ನಡೆದು ಬಂದಿದ್ದ— ನಿಮಗೋಸ್ಕರ ಬಂದಿದ್ದ, ವೈನಿ.

ಡಾಕ್ಟರು ಊಟಕ್ಕೆ ಹೋಗಿದ್ದರು. ನೀಲಿ ದ್ರಾವಣಕ್ಕೆ ಮೂತ್ರದ ಎಂಟು ಹನಿ ಹಾಕಿ ಕಾಯಿಸಿದೆ. ಸಕ್ಕರೆ ಇಲ್ಲದಿದ್ದರೆ ಅದು ನೀಲಿಯಾಗಿಯೇ ಉಳಿಯುತ್ತದೆ. ನನ್ನ ಕಣ್ಣೆದುರು ಹಸಿರಾಯಿತು, ಹಳದಿಯಾಯಿತು, ಇಟ್ಟಂಗಿಯ ಬಣ್ಣಕ್ಕೆ ಬಂದು ನಿಂತಿತು. ಇನ್ನೊಮ್ಮೆ ಮಾಡಿದೆ. ಅದೇ ಬಣ್ಣ.

ಆ ಹೊತ್ತಿನಲ್ಲಿ ನಾನು ಅಣ್ಣನ ಬಗ್ಗೆ ಯೋಚಿಸಲಿಲ್ಲ. ಹಲಗೇರಿಯ ಹುಡುಗಿಯ ಬಗ್ಗೆ ಯೋಚಿಸಿದೆ— ಈಗ ನನ್ನ ಹೆಂಡತಿ. ಅಣ್ಣನ ಲಗ್ನವಾಗದೆ ನನ್ನದು ಆಗುವಂತಿರಲಿಲ್ಲ. ಇನ್ನು ಹೆಚ್ಚು ದಿನ ಕಾಯುವುದಿಲ್ಲವೆಂದು ಅವರ ಮನೆಯವರು ಹೇಳಿ ಕಳಿಸಿದ್ದರು. ರೋಗದ ಸುದ್ದಿ ನಿಮ್ಮ ತವರು ಐರಣಿಗೆ, ನಿಮ್ಮ ತಂದೆಯ ಕಿವಿಗೆ ಮುಟ್ಟಿದರೆ... ಗಾಜಿನ ನಳಿಕೆಯಲ್ಲಿದ್ದುದನ್ನು ಮೋರಿಗೆ ಸುರಿದು, ನಳಿಕೆ ತೊಳೆದಿಟ್ಟೆ.

“ಏನೂ ಇಲ್ಲಣ್ಣಾ. ಬರೇ ಉಷ್ಣ. ಮಜ್ಜಿಗಿ ಕುಡಿ.”

“ಖರೇ?”

“ಖರೇ.”

ಅವನು ನನ್ನ ಬೆನ್ನು ತಟ್ಟಿ, ನಗುತ್ತ ಬಸ್ಸಿಗೆ ಹೋದ.

ಮದುವೆಯಾದ ಮೇಲೆ ಹೇಳೋಣ ಎಂದುಕೊಂಡೆ. ನಿಮ್ಮದಾಯಿತು, ಆರು ತಿಂಗಳಿಗೆ ನನ್ನದೂ ಆಯಿತು. ಆಮೇಲೆ ಕಾಯಿಲೆಯ ಜೊತೆಗೆ ನನ್ನ ಸುಳ್ಳನ್ನೂ ಹೇಳಬೇಕಿತ್ತು— ಅಷ್ಟು ಎದೆ ನನಗಿರಲಿಲ್ಲ. “ಇವರು ಯಾಕೋ ಸೊರಗಾಕತ್ತಾರ, ಒಮ್ಮೆ ನೋಡ್ರಿ” ಎಂದು ನೀವೇ ಕೇಳಿದಿರಿ. ಪೇಟೆಯ ದುಡಿತ ಎಂದೆ. ಬೇರೆ ಡಾಕ್ಟರಿಗೆ ತೋರಿಸು ಎಂದು ಯಾರಾದರೂ ಹೇಳಿದರೆ ಅಣ್ಣ, “ನಮ್ಮ ತಮ್ಮ ನೋಡ್ಯಾನ” ಎನ್ನುತ್ತಿದ್ದನಂತೆ.

ಎಂಟನೆಯ ವರ್ಷ ಚಪ್ಪಲಿಯ ಮೊಳೆ ಅಂಗಾಲಿಗೆ ಹೊಕ್ಕಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಪಾದ ಕಪ್ಪಾದ ಮೇಲೆ ಹುಬ್ಬಳ್ಳಿಗೆ ಒಯ್ದೆವು. “ಹಿಂದ ಎಂದೂ ಪರೀಕ್ಷೆ ಮಾಡಿಸಿಲ್ಲೇನು?” ಎಂದು ಅಲ್ಲಿಯ ಡಾಕ್ಟರು ಗದರಿದಾಗ ಅಣ್ಣ ಮಲಗಿದಲ್ಲಿಂದಲೇ ನನ್ನ ಕಡೆ ಕೈ ಮಾಡಿದ.

“ಮಾಡಿಸೇನ್ರಿ. ನಮ್ಮ ತಮ್ಮನಽ ಮಾಡ್ಯಾನ. ಆಗ ಏನೂ ಇದ್ದಿಲ್ಲ.”

ಎಷ್ಟು ಹೆಮ್ಮೆಯಿಂದ ಹೇಳಿದ! ನಾನು ನೆಲ ನೋಡಿದೆ. ಮೊಣಕಾಲಿನ ಕೆಳಗೆ ಕತ್ತರಿಸಿದರು. ಮೂರು ವರ್ಷ ಕಂಕುಳಿಗೆ ಕೋಲು ಕೊಟ್ಟು ನಡೆದ. ಆಮೇಲೆ ಮೂತ್ರಪಿಂಡ ಕೆಟ್ಟಿತು.

ಇದಕ್ಕಿಂತ ಹೇಸಿಗೆಯದು ಇನ್ನೊಂದಿದೆ. ಮಣ್ಣು ಮಾಡಿ ಬಂದ ದಿನ ನಮ್ಮ ಸೋದರತ್ತೆ ಎಲ್ಲರೆದುರು ನಿಮ್ಮನ್ನು ತೋರಿಸಿ, “ಇಕಿ ಮನಿಗೆ ಬಂದ ಮ್ಯಾಲ ನಮ್ಮ ಹುಡುಗನ ಮೈ ಇಳೀತು. ಹೋಳಿಗಿ ಮಾಡಿ ಹಾಕಿ ಹಾಕಿ ಕೊಂದ್ಲು” ಎಂದಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದಿರಿ.

“ನಿಮಗ ಗೊತ್ತಿರತೈತಿ, ಖರೇ ಹೇಳ್ರಿ. ನನ್ನ ಕೈಯಡಗಿಯಿಂದನ ಬಂತೇನ್ರಿ ಅವರಿಗೆ?”

ಒಂದೇ ಮಾತು ಸಾಕಿತ್ತು. ನಾನು, “ಆಗಿದ್ದು ಆಗಿಹೋತು ಬಿಡ್ರಿ ವೈನಿ” ಎಂದೆ. ಆ ದಿನದಿಂದ ನಿಮ್ಮ ಮನೆಯಲ್ಲಿ ಬೆಲ್ಲದ ಅಡುಗೆಯೇ ಆಗಿಲ್ಲವಂತೆ.

ಈಗ ಹಾವೇರಿಯ ನನ್ನ ಔಷಧದ ಅಂಗಡಿಗೆ ಬರುವ ಗಂಡಸರಿಗೆಲ್ಲ, ಮೂವತ್ತು ದಾಟಿತಲ್ಲ, ಸಕ್ಕರೆ ನೋಡಿಸಿಕೊಳ್ಳಿ, ಬಿ.ಪಿ. ನೋಡಿಸಿಕೊಳ್ಳಿ ಎಂದು ಬೆನ್ನು ಹತ್ತುತ್ತೇನೆ. ಭಾಳ ಕಾಳಜಿಯ ಮನುಷ್ಯ ಎನ್ನುತ್ತಾರೆ. ಆ ಮಾತು ಕೇಳಿದಾಗ ನನ್ನ ಮುಖ ಎಲ್ಲಿಡಲಿ ಎನಿಸುತ್ತದೆ— ಆದರೂ ಕೇಳಿಸಿಕೊಂಡು ಸುಮ್ಮನಿರುತ್ತೇನೆ.

ರವಿವಾರ ಈ ಕಾಗದದೊಂದಿಗೆ ಬ್ಯಾಡಗಿಗೆ ಬರುತ್ತೇನೆ. ಸೋದರತ್ತೆಗೂ ಬರಹೇಳಿದ್ದೇನೆ. ಅವಳ ಎದುರು, ನಿಮ್ಮ ಮಗನ ಎದುರು, ನಿಂತು ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಭಾರವನ್ನೂ ನಿಮ್ಮ ತಲೆಗೆ ಹೊರಿಸಲಾರೆ. ಹಿತ್ತಲಲ್ಲಿ ನೀವು ಕೇಳಿದ್ದಕ್ಕೆ ಉತ್ತರ ಕೊಡಲು ಬರುತ್ತಿದ್ದೇನೆ.

ಅಲ್ಲ, ವೈನಿ. ನಿಮ್ಮ ಕೈಯಡುಗೆಯಿಂದ ಬಂದದ್ದಲ್ಲ.