ಚಾವಣಿಯಲ್ಲಿ ಎರಡು ಬೆರಳ ಸಂದು

ಹರಪನಹಳ್ಳಿಯಿಂದ ಬೆಳಗಿನ ಕೊಟ್ಟೂರು ಬಸ್ಸಿಗೆ ಹತ್ತಿದೆ. ನಮ್ಮ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿ ಎರಡು ಮೂರು ವರ್ಷವಾಗಿದ್ದಿರಬೇಕು. ಬೇಸಿಗೆ ರಜೆಯಾದ್ದರಿಂದ ಚಿತ್ರಕಲೆ ಮೇಷ್ಟ್ರಾದ ನನಗೆ ಶಾಲೆಯಿರಲಿಲ್ಲ. ಏಳು ಗಂಟೆಗೇ ಕಿಟಕಿಯ ಸರಳು ಬಿಸಿಯಾಗಿತ್ತು. ಕೊಟ್ಟೂರಿನಲ್ಲಿ ಇಳಿದು ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದು, ಹಗರಿಬೊಮ್ಮನಹಳ್ಳಿಯ ಬಸ್ಸು ಹಿಡಿದೆ. ಸೀಟು ಸಿಗಲಿಲ್ಲ. ಒಂದು ಗಂಟೆ ಮೇಲಿನ ಸರಳು ಹಿಡಿದು ನಿಂತು, ತೋಳು ಸೋತು ಊರು ಮುಟ್ಟಿದೆ.

ಅಲ್ಲಿ ನನ್ನ ಗೆಳೆಯ ಮಲ್ಲೇಶ ಒಂದು ಚಾವಣಿಗೆ ಚಿತ್ರ ಬರೆಯುತ್ತಿದ್ದ. ಅವನು ಕೊಟ್ಟೂರಿನವನು, ಇಪ್ಪತ್ತು ವರ್ಷ ಸಿನೆಮಾ ಬ್ಯಾನರು ಬರೆದವನು. ಊರಂಚಿನ ಕಾಲೊನಿಯ ಬೌದ್ಧ ಕುಟುಂಬಗಳು ಸೇರಿ ಇಟ್ಟಿಗೆ ಕಮಾನಿನ ಒಂದು ಪ್ರಾರ್ಥನಾ ಮಂದಿರ ಕಟ್ಟಿಸಿದ್ದವು. ಮರುದಿನ ಬುದ್ಧ ಪೂರ್ಣಿಮೆಯ ಸಂಜೆ ಅದರ ಉದ್ಘಾಟನೆ. ರೋಮಿನ ಸಿಸ್ಟೀನ್ ಪ್ರಾರ್ಥನಾ ಮಂದಿರದ ಚಾವಣಿಯ ಪಟವನ್ನು ಮಲ್ಲೇಶನಿಗೆ ಕಳಿಸಿದವನು ನಾನೇ. ಅದನ್ನು ನೋಡಿ ಅವನು, ಇಲ್ಲಿಯೂ ಹಾಗೆಯೇ ಹಸಿ ಗಾರೆಯ ಮೇಲೆ ಬರೆಯುತ್ತೇನೆಂದು ಹಟ ಹಿಡಿದಿದ್ದ.

ಒಳಗೆ ಕತ್ತಲು, ತಂಪು. ಗಾರೆ ಬೇಗ ಒಣಗದಿರಲೆಂದು ಕಿಟಕಿಗಳಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದರು. ಬೊಂಬಿನ ಅಟ್ಟಣಿಗೆಯ ಮೇಲೆ ಮಲ್ಲೇಶ ಕತ್ತು ಹಿಂದಕ್ಕೆ ಬಾಗಿಸಿ ನಿಂತಿದ್ದ. ಗಡ್ಡಕ್ಕೆ ಕೆಮ್ಮಣ್ಣು ಮೆತ್ತಿತ್ತು. ಗಾರೆ ಕೆಲಸದ ಹನುಮಂತಪ್ಪ ಕೆಳಗೆ ಸುಣ್ಣ ಕಲಸುತ್ತಿದ್ದ.

"ಮೇಷ್ಟ್ರ, ಆ ರೋಮಿನಾಂವ ಮಲಕ್ಕಂಡು ಬರದಾನಂತ ಹೌದೇನ್ರಿ?" ಎಂದ ಹನುಮಂತಪ್ಪ. "ಇವನೂ ಹಂಗ ಮಲಗಿದ್ರ ನಾನು ಹೊರಸು ತರ್ತಿದ್ದೆ."

"ಇಲ್ಲ, ಅವನೂ ನಿಂತೇ ಬರೆದದ್ದು," ಎಂದೆ. ಆತ ಶಿಲ್ಪಿ, ಚಿತ್ರ ತನ್ನ ಕೆಲಸವಲ್ಲವೆಂದು ಹಿಂದೇಟು ಹಾಕಿದವನು. ಪೋಪನ ಒತ್ತಾಯಕ್ಕೆ ಒಪ್ಪಿ ನಾಲ್ಕು ವರ್ಷ ಅಟ್ಟಣಿಗೆಯ ಮೇಲೆ ಕಳೆದ. ಬಣ್ಣ ಮುಖದ ಮೇಲೇ ತೊಟ್ಟಿಕ್ಕುತ್ತಿತ್ತು. ಮೊದಲಲ್ಲಿ ಗಾರೆಗೆ ಬೂಷ್ಟು ಬಂದು ಕೆಲಸವೇ ನಿಲ್ಲುವಂತಾಗಿತ್ತು. ಇದನ್ನೆಲ್ಲ ಹೇಳಿದಾಗ ಹನುಮಂತಪ್ಪ ಮೇಲೆ ನೋಡಿ, "ಕೇಳಿದೇನಲೇ ಮಲ್ಯಾ? ನಿನ್ನ ಗಾರಿಗೆ ಬೂಷ್ಟು ಬಂದಿಲ್ಲ. ನನ್ನ ಕಾಲು ಹಿಡಿ," ಎಂದು ನಕ್ಕ.

ಈ ಕೆಲಸದ ರೀತಿ ಹೀಗೆ: ಒಂದು ದಿನಕ್ಕೆ ಬರೆಯಬಹುದಾದಷ್ಟು ಜಾಗಕ್ಕೆ ಮಾತ್ರ ಗಾರೆ ಮೆತ್ತಬೇಕು. ಅದು ಹಸಿಯಿರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಗಟ್ಟಿಯಾಗುತ್ತ ಬಣ್ಣವೂ ಅದರಲ್ಲಿ ಕಲ್ಲಾಗುತ್ತದೆ. ಆಮೇಲೆ ತಿದ್ದುವಂತಿಲ್ಲ, ಬೇಡವೆಂದರೆ ಕೆತ್ತಿಯೇ ತೆಗೆಯಬೇಕು. ಮಲ್ಲೇಶ ಸಂಡೂರಿನ ಕಡೆಯ ಕೆಮ್ಮಣ್ಣು, ಬಟ್ಟೆಗೆ ಹಾಕುವ ನೀಲಿ, ಮಸಿ ಇಷ್ಟರಲ್ಲೇ ಇಡೀ ಕಮಾನು ತುಂಬಿಸಿದ್ದ. ನಡುವಿನ ಚಿತ್ರ ಎಲ್ಲಕ್ಕಿಂತ ಚೆನ್ನಾಗಿತ್ತು. ಬಾವಿಯ ಕಟ್ಟೆಯ ಮೇಲೆ ನಿಂತ ಹೆಣ್ಣುಮಗಳೊಬ್ಬಳು ಭಿಕ್ಷುವಿಗೆ ನೀರಿನ ಲೋಟ ಚಾಚಿದ್ದಳು. ಭಿಕ್ಷುವೂ ಕೈ ಚಾಚಿದ್ದ. ಲೋಟಕ್ಕೂ ಅವನ ಬೆರಳಿಗೂ ನಡುವೆ ಎರಡು ಬೆರಳ ಸಂದು. ರೋಮಿನ ಪಟದಲ್ಲಿ ದೇವರ ಬೆರಳಿಗೂ ಮನುಷ್ಯನ ಬೆರಳಿಗೂ ನಡುವೆ ಇರುವಂಥದೇ ಸಂದು. ನಾನು ಚಪ್ಪಾಳೆ ತಟ್ಟಿದೆ.

ಮಧ್ಯಾಹ್ನ ಕಾಲೊನಿಯ ಹೆಂಗಸರು ರೊಟ್ಟಿಬುತ್ತಿ ತಂದರು. ಅವರಲ್ಲಿ ಹಿರಿಯಳು ದುರುಗಮ್ಮ. ಅವಳ ಮಗ ಯಲ್ಲಪ್ಪ ಅಂಚೆ ಕಚೇರಿಯ ನೌಕರ. ಮಂದಿರದ ಓಡಾಟವೆಲ್ಲ ಅವನದೇ. ಉಳಿದವರು ಹೊಗಳಿದರು. ದುರುಗಮ್ಮ ಮಾತ್ರ ಬಹಳ ಹೊತ್ತು ಮೇಲೆ ನೋಡುತ್ತ ನಿಂತು ಕೇಳಿದಳು:

"ಆ ಸಂದು ಯಾಕ ಬಿಟ್ಟೀಯಪ್ಪಾ?"

"ರೋಮಿನಾಗ ಹಂಗ ಐತ್ಯವ್ವಾ. ಅದ ಅದರ ಚೆಂದ," ಎಂದ ಮಲ್ಲೇಶ.

"ರೋಮಿನೋರಿಗೆ ಚೆಂದ ಇರಬೋದು. ನಮಗ ಆ ಸಂದು ಗೊತ್ತೈತಿ. ನಾನು ಸಣ್ಣಾಕಿದ್ದಾಗ ನೀರು ಮ್ಯಾಲಿಂದ ಹುಯ್ಯೋರು, ನಾವು ಬೊಗಸಿ ಒಡ್ಡೋದು. ಹೋಟ್ಲಾಗ ಚಾನೂ ಹಂಗ. ಈಗ ನಮ್ಮ ಗುಡಿ ಕಟ್ಟಿಸಿ, ನಮ್ಮ ತಲಿ ಮ್ಯಾಲ ಅದನ್ನ ಬರಸ್ಬೇಕಾ?"

ಬುತ್ತಿ ಹೊತ್ತು ಜತೆಗೇ ಬಂದಿದ್ದ ಯಲ್ಲಪ್ಪ, "ಯವ್ವಾ, ಸುಮ್ಕಿರು. ನಾಳೆ ಸಂಜಿಗೆ ಮಂದಿ ಬರ್ತಾರ. ಈಗ ಒಡದ್ರ ತೂತು ತೋರಸ್ಬೇಕು," ಎಂದ.

ನಾನು ಆ ಸಂದನ್ನು ನೂರು ಸಲ ನೋಡಿದ್ದೆ, ಮಕ್ಕಳಿಗೂ ತೋರಿಸಿದ್ದೆ. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮಲ್ಲೇಶ ಅರ್ಧ ಊಟಕ್ಕೇ ಎದ್ದು ಉಳಿ, ಸುತ್ತಿಗೆ ತೆಗೆದುಕೊಂಡು ಅಟ್ಟಣಿಗೆ ಹತ್ತಿದ. ಮೊದಲ ಏಟಿಗೆ ಭಿಕ್ಷುವಿನ ಹೆಬ್ಬೆರಳು ಉದುರಿ ನನ್ನ ಕಾಲ ಬಳಿ ಬಿತ್ತು. ಯಲ್ಲಪ್ಪ ಹೊರಗೆ ಹೋಗಿಬಿಟ್ಟ. ಎರಡೂ ಕೈ, ಲೋಟ, ಮೊಣಕೈವರೆಗೆ ಎಲ್ಲವೂ ಹೋಯಿತು. ಅಲ್ಲಿ ಇಟ್ಟಿಗೆ ಕಾಣುತ್ತಿತ್ತು.

ಮರುದಿನ ನಸುಕಿಗೆ ಹನುಮಂತಪ್ಪ ಹೊಸ ಗಾರೆ ಮೆತ್ತಿದ. ದುರುಗಮ್ಮನೂ ಉಳಿದ ಹೆಂಗಸರೂ ನೋಡಲು ಬಂದಿದ್ದರು. ಮಲ್ಲೇಶ ಇದ್ದಿಲು ಹಿಡಿದವನು ಹಾಗೇ ನಿಂತ. ಬ್ಯಾನರುಗಳಲ್ಲಿ ಸಾವಿರ ನಾಯಕರನ್ನು ಬರೆದವನಿಗೆ, ಲೋಟ ಕೊಡುವಾಗ ಕೊಡುವವರ ಬೆರಳು ಎಲ್ಲಿ, ತೆಗೆದುಕೊಳ್ಳುವವರ ಬೆರಳು ಎಲ್ಲಿ ಕೂರುತ್ತದೆಂದು ತಿಳಿಯಲಿಲ್ಲ.

"ಯವ್ವಾ, ಬಾ. ನೀ ಲೋಟ ಕೊಡು. ಮೇಷ್ಟ್ರ, ನೀವು ಇಸ್ಕೊಳ್ರಿ," ಎಂದ.

ಅಟ್ಟಣಿಗೆಯ ಕೆಳಗೆ ನಾವಿಬ್ಬರೂ ಎದುರುಬದುರು ನಿಂತೆವು. ಲೋಟದ ತುಂಬ ನೀರು. ಕೊಡುವವರ ಬೆರಳ ಮೇಲೆಯೇ ತೆಗೆದುಕೊಳ್ಳುವವರ ಬೆರಳು ಕೂರಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಅವಳ ಕಿರುಬೆರಳು ಸೊಟ್ಟಗಿತ್ತು, ಗೆಣ್ಣು ಒರಟು. ನಾನು ಬೆರಳ ತುದಿಯಲ್ಲಷ್ಟೇ ಹಿಡಿದೆ, ನೀರು ತುಳುಕಿತು.

"ಗಟ್ಟಿ ಹಿಡೀರಿ ಮೇಷ್ಟ್ರ. ನಾನೇನು ಕಡಿಯಂಗಿಲ್ಲ," ಎಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಅವಳ ಬೆರಳ ಮೇಲೆ ನನ್ನ ಬೆರಳು ಊರಿ ಹಿಡಿದೆ.

ಬಿಸಿಲೇರಿದಂತೆ ಗಾರೆ ನೀರು ಎಳೆದುಕೊಂಡು ಬಿಗಿಯತೊಡಗಿತು. ಹನುಮಂತಪ್ಪ ಗೋಣಿಚೀಲಗಳಿಗೆ ನೀರು ಎರಚುತ್ತಲೇ ಇದ್ದ. ಯಲ್ಲಪ್ಪ ಕೂಡ ಕೊಡ ಹೊತ್ತು ಬಂದ. ಮಲ್ಲೇಶ ಕುಂಚ ನಿಲ್ಲಿಸದೆ ಬರೆದ. ಕೊನೆಯ ಉಗುರಿಗೆ ಸುಣ್ಣದ ಬಿಳುಪು ಹಚ್ಚಿ ಕುಂಚ ಕೆಳಗಿಟ್ಟಾಗ, ಗಾರೆ ಬಣ್ಣ ಕುಡಿಯುವುದನ್ನು ಹೆಚ್ಚುಕಡಿಮೆ ನಿಲ್ಲಿಸಿತ್ತು.

ಸಂಜೆ ಅಟ್ಟಣಿಗೆ ಬಿಚ್ಚಿ ಬಾಗಿಲು ತೆರೆದರು. ಹೊಸ ಗಾರೆಯ ಸುತ್ತ ಬೆಸುಗೆಯ ಗೆರೆ ಎದ್ದು ಕಾಣುತ್ತಿತ್ತು. "ಕಾಣ್ತೈತಲ್ಲೋ," ಎಂದು ಹನುಮಂತಪ್ಪ ಪೇಚಾಡಿದ. "ಕಾಣಲಿ ಬಿಡು," ಎಂದ ಮಲ್ಲೇಶ. ಅಷ್ಟರಲ್ಲಿ ಒಬ್ಬಾಕೆ ಕೂಗಿದಳು: "ಏ, ಆ ಸೊಟ್ಟ ಬೆರಳು ನೋಡ್ರಿ! ದುರುಗಮ್ಮನ ಕೈ ಅದು!" ಮಂದಿರದ ತುಂಬ ಕೇಕೆ ಎದ್ದಿತು. ದುರುಗಮ್ಮ ತನ್ನ ಕೈ ಮೇಲೆತ್ತಿ, ಚಾವಣಿಯ ಕೈಗೆ ಹೋಲಿಸಿ, ತಲೆದೂಗಿದಳು. ಯಲ್ಲಪ್ಪ ಕಂಬಕ್ಕೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಮರುದಿನ ಬಸ್ಸಿಗೆ ಹೊರಟವನು, ಒಮ್ಮೆ ನೋಡಿ ಹೋಗೋಣವೆಂದು ಮಂದಿರಕ್ಕೆ ಇಣುಕಿದೆ. ದುರುಗಮ್ಮ ಮತ್ತು ಏಳೆಂಟು ಹೆಂಗಸರು ತಣ್ಣನೆಯ ನೆಲದ ಮೇಲೆ ಸಾಲಾಗಿ ಅಂಗಾತ ಮಲಗಿದ್ದರು.

"ನಿಂತು ನೋಡಿ ಕುತ್ತಿಗಿ ಬಿದ್ದು ಹೋದ್ವುರಿ," ಎಂದಳು ದುರುಗಮ್ಮ, ಮೇಲಿನಿಂದ ಕಣ್ಣು ಕೀಳದೆ. "ಬರೋನು ನಿಂತ ಬರೀಲಿ ಬಿಡ್ರಿ. ನಾವು ಮಲಕ್ಕಂಡ ನೋಡ್ತೀವಿ. ಬರ್ರಿ, ಜಾಗ ಐತಿ."

ಅವಳು ಸ್ವಲ್ಪ ಸರಿದಳು. ಕೈಚೀಲ ತಲೆದಿಂಬು ಮಾಡಿಕೊಂಡು ನಾನೂ ಮಲಗಿದೆ. ಬಸ್ಸು ಹೋಯಿತು.